ಹೆಣದ ಖೋಲಿಯ ಹುಲಗಪ್ಪ

ಹುಬ್ಬಳ್ಳಿಯ ಯಾವ ದವಾಖಾನೆ ಎಂದು ಕೇಳಬೇಡಿ. ಹೆಸರು ಹೇಳಿದರೆ ಯಾರದಾದರೂ ಮೊಮ್ಮಕ್ಕಳು ಜಗಳಕ್ಕೆ ಬರುತ್ತಾರೆ. ನಾನು, ಪಂಢರಿನಾಥ, ಅಲ್ಲಿ ಹದಿನೆಂಟು ವರ್ಷ ಕಾರಕೂನನಾಗಿದ್ದೆ. ಹೆಣ ಕೊಯ್ಯುವಾಗ ಡಾಕ್ಟರರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಕೊಯ್ಯುವುದು ಹುಲಗಪ್ಪನ ಕೆಲಸ. ಡಾಕ್ಟರರ ಕೆಲಸ ಏನಿತ್ತು ಎಂಬುದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ಹುಲಗಪ್ಪ ಶಿರಗುಪ್ಪಿಯವನು. ದವಾಖಾನೆಗೆ ಕಸ ಹೊಡೆಯಲು ಸೇರಿದವನು, ಹೆಣದ ಖೋಲಿಯ ಹಳೆಯ ಆಳು ತೀರಿಕೊಂಡ ಮೇಲೆ ಅಲ್ಲಿಗೆ ಬಂದ. ಗಿಡ್ಡ ಆಳು, ದಪ್ಪ ಬೆರಳು. ಶಾಲೆಯ ಮುಖ ಕಂಡವನಲ್ಲ. ಹೆಣಗಳ ಜೊತೆ ಮಾತಾಡುತ್ತಿದ್ದ. “ಯವ್ವಾ, ಸ್ವಲ್ಪ ಈ ಮಗ್ಗಲಾಗರಿ.” “ಕಾಕಾ, ತಪ್ಪು ತಿಳೀಬ್ಯಾಡ್ರಿ, ಬಾಯಿ ತಗೀತೇನಿ.” ಬದುಕಿರುವವರನ್ನು ಇಷ್ಟು ಮರ್ಯಾದೆಯಿಂದ ಮಾತಾಡಿಸಿದ ಮನುಷ್ಯನನ್ನು ನಮ್ಮ ದವಾಖಾನೆಯಲ್ಲಿ ನಾನು ಕಾಣಲಿಲ್ಲ. ಚಹದಂಗಡಿಯಲ್ಲಿ ಅವನ ಬಟ್ಟಲು ಬೇರೆ ಇತ್ತು. ಮನೆಯಲ್ಲಿ ಹೆಂಡತಿ ಹುಲಿಗೆವ್ವ ಹಿತ್ತಲಲ್ಲೇ ನಿಲ್ಲಿಸಿ, ನಾಲ್ಕು ಕೊಡ ನೀರು ಸುರಿದ ಮೇಲೆ ಒಳಗೆ ಬಿಡುತ್ತಿದ್ದಳು. ಅವನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. “ಬಿಸಿನೀರು ಹಾಕ್ತಾಳರಿ” ಎಂದು ನನ್ನ ಮುಂದೆ ಹೆಮ್ಮೆಪಡುತ್ತಿದ್ದ.

ನಮ್ಮ ಡಾಕ್ಟರ್ ತ್ರ್ಯಂಬಕರಾಯರು ಧಾರವಾಡದವರು, ಪುಣೆಯಲ್ಲಿ ಕಲಿತವರು. ಒಳ್ಳೆಯ ಓದು, ಒಳ್ಳೆಯ ಗುಣ. ಮನೆಯಲ್ಲಿ ಮಾತ್ರ ಉಗ್ರ ಮಡಿಯ ತಾಯಿ. ಹೆಣ ಮುಟ್ಟಿ ಬಂದ ಮಗ ಹತ್ತು ಸಲ ಮಿಂದರೂ ಆಕೆ ಆ ದಿನ ಅವನ ಎಲೆಗೆ ಬಡಿಸುತ್ತಿರಲಿಲ್ಲ. ಹೀಗಾಗಿ ರಾಯರು ಹೆಣದ ಖೋಲಿಯ ಹೊಸ್ತಿಲಾಚೆ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ವಸ್ತ್ರ ಹಿಡಿದು ಕೂಡುತ್ತಿದ್ದರು. ಒಳಗಿನಿಂದ ಹುಲಗಪ್ಪ ಒಂದೊಂದೇ ಅಂಗ ಎತ್ತಿ ತೋರಿಸಿ, ಕಂಡದ್ದನ್ನು ಕೂಗಿ ಹೇಳುತ್ತಿದ್ದ. ರಾಯರು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ನಾನು ಬರೆದು, ಕೊನೆಗೆ “ಮೇಲಿನದನ್ನೆಲ್ಲ ನಾನು ಸ್ವತಃ ಪರೀಕ್ಷಿಸಿದ್ದೇನೆ” ಎಂಬ ಸಾಲು ಸೇರಿಸುತ್ತಿದ್ದೆ. ಅದರ ಕೆಳಗೆ ರಾಯರ ಸಹಿ.

ಒಂಬತ್ತು ವರ್ಷ ಹೀಗೆ ಸಾಗಿತು. ಸಾಗಿದ್ದಕ್ಕೆ ಕಾರಣ ಒಂದೇ: ಹುಲಗಪ್ಪ ತನ್ನ ಕೈಗೆ ಸಿಕ್ಕಿದ್ದನ್ನು ಬಿಟ್ಟು ಒಂದಕ್ಷರ ಹೆಚ್ಚಿಗೆ ಹೇಳುತ್ತಿರಲಿಲ್ಲ. ಒಮ್ಮೆ ಪೊಲೀಸ್ ಫೌಜದಾರರು, “ತಲ್ಯಾಗ ಪೆಟ್ಟಿತ್ತು ಅನ್ನಲೇ, ಏನ್ ಹೋಗ್ತೈತಿ ನಿನಗ?” ಎಂದು ಗದರಿಸಿದಾಗ, “ಇದ್ದಿದ್ರ ಅಂತಿದ್ದೆರಿ” ಎಂದ. ಬೆನ್ನಿಗೆ ಎರಡು ಏಟು ಬಿದ್ದವು. ಮಾತು ಬದಲಾಗಲಿಲ್ಲ.

ಇನ್ನು ಸಾವಿರದ ಒಂಬೈನೂರ ಮೂವತ್ತನಾಲ್ಕರ ಮಾತು. ಆ ವರ್ಷ ಹುಬ್ಬಳ್ಳಿಯಲ್ಲಿ ಮೂವರು ಒಂಟಿ ಮುದುಕಿಯರು ಪೂಜೆಗೆ ಕುಳಿತಲ್ಲೇ ಲಿಂಗೈಕ್ಯರಾಗಿದ್ದರು. ಮಡಚಿದ ಕಾಲು, ಎಡಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಜನ ಬಂದು ಕಾಲಿಗೆರಗಿ, ಭಜನೆ ಮಾಡಿ, ಅದೇ ದಿನ ಮಣ್ಣು ಮಾಡಿದರು. ಇಂಥ ಸಾವು ತಮಗೂ ಬರಲಿ ಎಂದು ಬೇಡಿಕೊಂಡವರೂ ಇದ್ದರು.

ಲಿಂಗಾಯತರಲ್ಲಿ ಸತ್ತವರನ್ನು ಕೂಡ್ರಿಸಿಯೇ ಮಣ್ಣು ಮಾಡುತ್ತಾರೆ. ಮೈ ಸೆಟೆಯುವುದಕ್ಕೆ ಮೊದಲೇ ಕಾಲು ಮಡಚಬೇಕು, ತಡವಾದರೆ ಕಷ್ಟ. ಆ ಕಷ್ಟದ ಹೊತ್ತಿಗೆ ಜನ ಕರೆಯುತ್ತಿದ್ದದ್ದು ಮುರುಗೆಪ್ಪನನ್ನು. ವಿಭೂತಿಯ ಅಂಗಡಿ ಇಟ್ಟಿದ್ದ, ಮೆಲುಮಾತಿನ ಮನುಷ್ಯ. ಹೊತ್ತು ಮೀರಿದ ಹೆಣವನ್ನೂ ಅಲ್ಲಿಷ್ಟು ಇಲ್ಲಿಷ್ಟು ಒತ್ತಿ, ನೋಡಿದವರು ಧ್ಯಾನ ಎನ್ನುವ ಹಾಗೆ ಕೂಡ್ರಿಸುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. “ಮುರುಗೆಪ್ಪ ಕೂಡ್ರಿಸಿದ್ರ ಮುಗೀತು” ಎಂದು ಯಾರಾದರೂ ಹೊಗಳಿದರೆ ಅಷ್ಟೇ ಸಾಕು, ಅವನ ಮುಖ ಅರಳುತ್ತಿತ್ತು. ಆ ಮೂವರನ್ನೂ ಮೀಸಿ, ಹೆಣ ಹೊರುವ ವಿಮಾನದಲ್ಲಿ ಕೂಡ್ರಿಸಿ ಕಳಿಸಿಕೊಟ್ಟವನು ಅವನೇ.

ನಾಲ್ಕನೆಯವಳು ಈರವ್ವ. ಅವಳ ಅಣ್ಣನ ಮಗ ದ್ಯಾಮಣ್ಣ ಬೈರಿದೇವರಕೊಪ್ಪದಿಂದ ಒಂದು ಬೆಳಿಗ್ಗೆ ಅವರೆಕಾಯಿ ಕೊಡಲು ಬಂದ. ಅತ್ತೆ ಪೂಜೆಗೆ ಕುಳಿತಂತೆ ಕುಳಿತು ಸತ್ತಿದ್ದಾಳೆ. ಪೆಟ್ಟಿಗೆಯಲ್ಲಿ ಅವಳ ಬಂಗಾರದ ಬೋರಮಾಳ ಸರ ಇಲ್ಲ. ಬೇರೆ ಯಾರೇ ಆಗಿದ್ದರೂ ಮೊದಲು ಮುರುಗೆಪ್ಪನಿಗೆ ಹೇಳಿ ಕಳಿಸುತ್ತಿದ್ದರು. ದ್ಯಾಮಣ್ಣ ಮುಂಗೋಪಿ, ನೆಟ್ಟಗೆ ಫೌಜದಾರರ ಬಳಿ ಹೋದ. ತಾಸಿನೊಳಗೆ ಹೆಣ ನಮ್ಮಲ್ಲಿಗೆ ಬಂತು.

ಹುಲಗಪ್ಪ ಎಂದಿನಂತೆ ದವಡೆಯಿಂದ ಶುರುಮಾಡಿ ಮೈಯೆಲ್ಲ ಮುಟ್ಟಿದ. ಕಾಲಿನ ಹತ್ತಿರ ಬಂದವನು ನಿಂತುಬಿಟ್ಟ.

“ಸಾಹೇಬ್ರ, ಈ ಯವ್ವ ಕುಂತು ಸತ್ತಿಲ್ಲರಿ.”

“ಹ್ಯಾಂಗ ಹೇಳ್ತೀ?” ಎಂದರು ರಾಯರು.

“ದವಡಿ ಬಿಗಿ ಐತಿ, ಕುತಗಿ ಬಿಗಿ ಐತಿ, ಮೊಣಕೈ ಕಟಗಿ ಆಗ್ಯಾವ. ಮೊಣಕಾಲು ಎರಡೂ ಸಡ್ಲ ಅದಾವ. ಸೆಟದದ್ದನ್ನ ಒಮ್ಮೆ ಮುರದ್ರ ಮತ್ತ ಸೆಟಿಯಂಗಿಲ್ಲ. ಮಲಗಿದಲ್ಲೇ ಸತ್ತಾಳ, ಸೆಟದಾಳ, ಆಮ್ಯಾಲೆ ಯಾರೋ ಕಾಲು ಒತ್ತಿ ಕೂಡ್ರಿಸ್ಯಾರ.” ಕೆಳತುಟಿಯನ್ನು ತಿರುವಿ ತೋರಿಸಿದ. ಒಳಗೆ ಹಲ್ಲು ಊರಿದ ಗಾಯವಿತ್ತು. ಬಾಯಿಯ ಮೇಲೆ ದಿಂಬು ಒತ್ತಿದರೆ ಆಗುವ ಗಾಯ ಎಂದು ರಾಯರು ಕುಳಿತಲ್ಲಿಂದಲೇ ಗುರುತಿಸಿದರು.

“ಒಳಗ ಬಂದು ಒಮ್ಮೆ ಮೊಣಕಾಲಿಗೆ ಕೈ ಹಚ್ಚಿ ನೋಡ್ರಿ. ಇದು ಹೇಳಿದ್ರ ತಿಳಿಯಂಗಿಲ್ಲ.”

ರಾಯರು ಎದ್ದು ಹೊಸ್ತಿಲವರೆಗೆ ಬಂದರು. ನಿಂತರು. “ಇವತ್ತು ಮನ್ಯಾಗ ನಮ್ಮ ತಂದಿ ಶ್ರಾದ್ಧ ಅದ, ಹುಲಗಪ್ಪ. ನೀ ನೋಡೀದಿ, ಸಾಕು.”

ನಾನು ಎಂದಿನ ಸಾಲು ಬರೆದೆ. ರಾಯರು ಸಹಿ ಮಾಡಿದರು.

ಸೆಟೆದ ಕಾಲನ್ನು ಹಾಗೆ ಮಡಚಬಲ್ಲವರು ಊರಿನಲ್ಲಿ ಎಷ್ಟು ಜನ ಎಂದು ಯೋಚಿಸಲು ಫೌಜದಾರರಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಮುರುಗೆಪ್ಪನನ್ನು ಹಿಡಿದರು. ಅವನು ಶಾಂತವಾಗಿ ಒಂದೇ ಮಾತು ಹೇಳಿದ: ಎಂಟು ದಿನದಿಂದ ಆ ಓಣಿಗೇ ಹೋಗಿಲ್ಲ, ಈರವ್ವನ ಹೆಣವನ್ನು ಕಣ್ಣಿನಿಂದ ಕಂಡೂ ಇಲ್ಲ. ಸರ ಸಿಗಲಿಲ್ಲ. ಮೊದಲಿನ ಮೂವರನ್ನು ಅಗೆದು ತೆಗೆಯಲು ಅವರ ಬಂಧುಗಳು ಒಪ್ಪಲಿಲ್ಲ. ಉಳಿದದ್ದು ಈರವ್ವನ ಎರಡು ಮೊಣಕಾಲು. ಆ ಸಾಕ್ಷ್ಯ ಬಿದ್ದರೆ ಮುರುಗೆಪ್ಪ ಮರುದಿನವೇ ಅಂಗಡಿ ತೆರೆಯುತ್ತಿದ್ದ. ಹುಬ್ಬಳ್ಳಿಯಲ್ಲಿ ಒಂಟಿ ಮುದುಕಿಯರಿಗೆ ಬರಗಾಲವಿರಲಿಲ್ಲ.

ಧಾರವಾಡದ ಸೆಶನ್ ಕೋರ್ಟಿನಲ್ಲಿ ಖಟ್ಲೆ ನಡೆಯಿತು. ಬೆಳಗಿನ ರೈಲಿನಲ್ಲಿ ಮೂವರೂ ಹೋದೆವು. ರಾಯರು ಹೆಣ ಮುಟ್ಟುವುದಿಲ್ಲ ಎಂಬ ಗುಸುಗುಸು ಎದುರಿನ ವಕೀಲರ ಕಿವಿಗೆ ಬಿದ್ದಿದೆ ಎಂದು ನಮಗೆ ಗೊತ್ತಾಗಿತ್ತು. ಸ್ಟೇಶನ್ನಿನಲ್ಲಿ ಇಳಿದಾಗ ಹುಲಗಪ್ಪ ಹೇಳಿದ: “ಸಾಹೇಬ್ರ, ಹೌದು ಅಂದುಬಿಡ್ರಿ. ನಾ ಮುಟ್ಟಿದ್ದೂ ಒಂದ, ನೀವು ಮುಟ್ಟಿದ್ದೂ ಒಂದ.”

ವಕೀಲರು ನೇರವಾಗಿ ಅದನ್ನೇ ಕೇಳಿದರು. “ಮೊಣಕಾಲು ಸಡಿಲ ಇದ್ವು ಅಂತ ಬರದೀರಿ, ಡಾಕ್ಟರ್ ಸಾಹೇಬ್ರ. ನೀವ ಸ್ವತಃ ಮುಟ್ಟಿ ನೋಡೀರೇನು?”

ಒಂದು ‘ಹೌದು’ ಸಾಕಿತ್ತು. ಹೌದೆನ್ನಲಿ ಎಂದು ನಾನು ಮನಸ್ಸಿನಲ್ಲಿ ದೇವರಿಗೆ ಕೈ ಮುಗಿಯುತ್ತಿದ್ದೆ. ಆ ಮುದುಕಿಯರಿಗಾಗಿ ಅಲ್ಲ, ಒಂಬತ್ತು ವರ್ಷ ಆ ಸಾಲು ಬರೆದ ಕೈ ನನ್ನದಾಗಿತ್ತು ಎಂದು. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ರಾಯರು ಬಾಗಿಲ ಹತ್ತಿರ ನಿಂತಿದ್ದ ಹುಲಗಪ್ಪನನ್ನು ಒಮ್ಮೆ ನೋಡಿದರು. “ಇಲ್ಲ,” ಎಂದರು. “ನಾ ಮುಟ್ಟಿಲ್ಲ. ಒಂಬತ್ತು ವರ್ಷದಾಗ ಒಂದು ಹೆಣಾನೂ ಮುಟ್ಟಿಲ್ಲ. ಮುಟ್ಟಿದಾಂವ ಹುಲಗಪ್ಪ. ನೀವು ಕೇಳೋದಿದ್ರ ಅವನ್ನ ಕೇಳ್ರಿ.”

ಕೋರ್ಟಿನಲ್ಲಿ ಗದ್ದಲವೆದ್ದಿತು. ಮುರುಗೆಪ್ಪ ಕಟಕಟೆಯಲ್ಲಿ ಕಣ್ಣು ಮುಚ್ಚಿ, ಲಿಂಗದ ಮೇಲೆ ಕೈಯಿಟ್ಟುಕೊಂಡ. ಜಡ್ಜ್ ಸಾಹೇಬರು ಹುಲಗಪ್ಪನನ್ನು ಕರೆಸಿ ಪ್ರಮಾಣ ಮಾಡಿಸಿದರು.

“ಎಷ್ಟನೇ ಇಯತ್ತೆ ಕಲತೀಪಾ?” ಎಂದರು ವಕೀಲರು.

“ಸಾಲಿಗೆ ಹೋಗಿಲ್ಲರಿ.”

“ಹಂಗಾದ್ರ ಡಾಕ್ಟರಕಿ ಎಲ್ಲಿ ಕಲತಿ?” ಜನ ನಕ್ಕರು.

ಹುಲಗಪ್ಪ ನಗು ಮುಗಿಯುವವರೆಗೆ ಕಾದ. ಜಡ್ಜರ ಕಡೆ ತಿರುಗಿ, “ಕೂಡ್ರಿಸಿದಾಂವಗ ಕೆಲಸ ಬರತಿದ್ದಿಲ್ಲರಿ,” ಎಂದ. “ಹೊಸಬರು ಒತ್ತಿದಂಗ ಒತ್ಯಾನ. ಬಲಗಾಲು ಮಡಚೂ ಮುಂದ ಮೊಣಕಾಲಿನ ಹಿಂದಿನ ಚರ್ಮ ಹರದು ಹೋಗೇತಿ. ಅಂಥಾ ಹೊಲಸು ಕೆಲಸ ನಾ ಎಂದೂ ಕಂಡಿಲ್ಲ.”

ವಕೀಲರು ವರದಿಯ ಹಾಳೆ ತಿರುವತೊಡಗಿದರು. ಅಷ್ಟರಲ್ಲಿ ಕಟಕಟೆಯಿಂದ ಕೂಗು ಬಂತು.

“ಸುಳ್ಳ ಹೇಳಾಕತ್ತಾನ! ಹರದಿಲ್ಲ! ಕೂದಲ ಎಳಿಯಷ್ಟೂ ಹರದಿಲ್ಲ!”

ಮುರುಗೆಪ್ಪ ಎದ್ದು ನಿಂತಿದ್ದ, ಮುಖ ಕೆಂಪಾಗಿತ್ತು. ತಾನು ಕಂಡೇ ಇಲ್ಲವೆಂದ ಹೆಣದ ಬಗ್ಗೆ ಏನು ಹೇಳಿದೆ ಎಂಬುದು ಅವನಿಗೆ ಎಲ್ಲರಿಗಿಂತ ತಡವಾಗಿ ತಿಳಿಯಿತು. ಮೆಲ್ಲಗೆ ಕುಳಿತ. ವಕೀಲರು ಹಾಳೆ ತಿರುವುವುದನ್ನು ನಿಲ್ಲಿಸಿದರು.

ಆ ವಾರವೇ ಪೊಲೀಸರು ಅಂಗಡಿಯನ್ನು ಮತ್ತೊಮ್ಮೆ ಶೋಧಿಸಿ, ಟೊಳ್ಳು ಮಾಡಿದ ಒಂದು ವಿಭೂತಿ ಗಟ್ಟಿಯೊಳಗೆ ಬೋರಮಾಳ ಸರವನ್ನು ಕಂಡರು. ಉಳಿದ ಮೂವರ ವಿಷಯವನ್ನು ಮುರುಗೆಪ್ಪ ತಾನೇ ಹೇಳಿದ. ಮಧ್ಯಾಹ್ನ ಮಲಗಿದ್ದಾಗ ದಿಂಬು ಒತ್ತಿ, ಮೆತ್ತಗಿನ ಮೈ ಕೂಡ್ರಿಸಿದರೆ ವಾಲುತ್ತದೆಂದು ಸೆಟೆಯುವವರೆಗೆ ಅಂಗಡಿಗೆ ಹೋಗಿ ಕುಳಿತು, ದೀಪ ಹಚ್ಚುವ ಹೊತ್ತಿಗೆ ಹಿತ್ತಲಿನಿಂದ ಬಂದು ಕೂಡ್ರಿಸುತ್ತಿದ್ದನಂತೆ. ಅವನನ್ನು ಗಲ್ಲಿಗೆ ಹಾಕಿದರು.

ರಾಯರ ಬಡ್ತಿ ನಿಂತಿತು. ನನಗೆ ಒಂದು ಛೀಮಾರಿ ಕಾಗದ ಬಂತು. ಹುಲಗಪ್ಪನಿಗೆ ಯಾರೂ ಏನೂ ಅನ್ನಲಿಲ್ಲ, ಆದರೆ ಅವನು ಬದಲಾದ. ಡಾಕ್ಟರರು ಹೊಸ್ತಿಲು ದಾಟಿ ಬರುವವರೆಗೆ ಚಾಕು ಹಿಡಿಯಲೊಲ್ಲ. “ನನ್ನ ಮಾತು ನಂಬಬ್ಯಾಡ್ರಿ. ನೀವ ಕೈ ಹಚ್ಚರಿ.” ರಾಯರು ಕೈ ಹಚ್ಚಿದರು. ತಾಯಿ ಬಡಿಸುವುದನ್ನು ಬಿಟ್ಟರು, ರಾಯರು ತಾವೇ ಬಡಿಸಿಕೊಂಡು ಉಂಡರು. ಹುಲಗಪ್ಪ ಕೋರ್ಟಿಗೆ ಅಂಜಿದ್ದಾನೆ ಎಂದು ನಾವೆಲ್ಲ ತಿಳಿದೆವು.

ನಲವತ್ತಾರರಲ್ಲಿ ಅವನು ಕೆಲಸ ಬಿಟ್ಟ. ಕೆಲವು ತಿಂಗಳ ಮೇಲೆ ಅವನ ಮನೆಗೆ ಹೋದೆ. ಹನ್ನೆರಡು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿದ್ದ ಮಾತೊಂದಿತ್ತು.

“ಹುಲಗಪ್ಪ, ಆ ದಿನ ಬರಕೊಂಡಾಂವ ನಾನು. ಚರ್ಮದ ಮಾತು ನೀ ಅಂದಿದ್ದೇ ಇಲ್ಲ. ಖರೇನ ಹರದಿತ್ತೇನು?”

ಅವನು ಬೆರಳು ನೋಡಿಕೊಳ್ಳುತ್ತ ಕುಳಿತ. “ಇಲ್ಲರಿ. ಒಂದು ಗೆರಿ ಸೈತ ಇದ್ದಿಲ್ಲ. ಭಾಳ ಛಂದ ಕೂಡ್ರಿಸಿದ್ದ.” ಆಮೇಲೆ ತಲೆ ಎತ್ತಿ ಹೇಳಿದ: “ಸಾಹೇಬ್ರು ಖರೇ ಹೇಳಿದ್ರು, ಎಲ್ಲಾ ಬಿದ್ದು ಹೋಗಾಕತ್ತಿತ್ತು. ನಾ ಹೇಳಿಬಿಟ್ಟೆ. ಸುಳ್ಳು ಹೇಳಿದ ಬಾಯಿನ್ನ ಮತ್ತ ಹೆಣದ ಮುಂದ ಹ್ಯಾಂಗ ನಂಬೂದ್ರಿ? ಅದಕ್ಕ ಅವರನ್ನ ಒಳಗ ಕರದೆ.”

“ನಾಕ್ ಮಂದೀನ ಕೊಂದಾಂವಗ ಶಿಕ್ಷಾ ಆತಲ್ಲೋ” ಎಂದೆ.

“ಅದಕ್ಕ ಬ್ಯಾಸರ ಇಲ್ಲರಿ. ಆದ್ರ ಆ ಯವ್ವನ ಮೈಮ್ಯಾಲೆ ಇಲ್ಲದ ಗಾಯ ಹೇಳಿದ್ನಲ್ಲ. ತಪ್ಪಾತ್ರಿ ಅನ್ನಬೇಕಂದ್ರ, ಅಷ್ಟೊತ್ತಿಗೆ ಆಕಿನ್ನ ಮಣ್ಣು ಮಾಡಿದ್ರು.”

ಹಿತ್ತಲಿನಿಂದ ಹುಲಿಗೆವ್ವ ನೀರು ಕಾದಿದೆ ಎಂದು ಕೂಗಿದಳು. ಹೆಣ ಮುಟ್ಟುವುದನ್ನು ಬಿಟ್ಟು ಆರು ತಿಂಗಳಾಗಿದ್ದರೂ ಅವನು ಎದ್ದು ಸ್ನಾನಕ್ಕೆ ಹೋದ.