ರಂಗೋಲಿಯಲ್ಲಿ ಎಳೆದ ಗಟಾರ

ಗೋಕಾಕದಲ್ಲಿ ಹೊಳೆ ಕೆಳಗಿನಿಂದ ಏರುತ್ತದೆ, ಓಣಿಗಳ ನೀರು ಮೇಲಿನಿಂದ ಇಳಿಯುತ್ತದೆ, ಎರಡೂ ಬಂದು ಸೇರುವುದು ನಮ್ಮ ಕೇರಿಯಲ್ಲಿ. ಊರಿನ ತಗ್ಗನ್ನೇ ಆರಿಸಿ ನಮ್ಮ ಹಿರಿಯರಿಗೆ ಕೊಟ್ಟಿದ್ದರಲ್ಲ, ಇನ್ನೇನಾಗುತ್ತದೆ! ಕಳೆದ ಸಲ ನೆರೆ ಇಳಿದ ಮೇಲೆ ಬಂದ ಅಧಿಕಾರಿ ಹೇಳಿದ್ದು ಇಷ್ಟೇ: ಮೇಲಿನ ನೀರನ್ನು ಹಳ್ಳಕ್ಕೆ ತಿರುಗಿಸುವ ಗಟಾರ ಎಲ್ಲಿ ಹಾಯಬೇಕೆಂದು ಕೇರಿಯವರೂ ಮೇಲಿನ ಓಣಿಯವರೂ ಕೂಡಿ ಒಪ್ಪಬೇಕು. ಇಲ್ಲದಿದ್ದರೆ ಕೇರಿಯನ್ನೇ ಎತ್ತಿ ಊರಾಚೆ ಹಾಕುತ್ತಾರೆ.

"ನಾವೇನ ಸಾಮಾನ ಏನ್ರಿ, ಎತ್ತಿ ಇಡಾಕ?" ಎಂದು ಅವ್ವ ಅವರ ಮುಖಕ್ಕೇ ಕೇಳಿದಳು.

ಕಾಗದದ ನಕ್ಷೆ ಯಾರಿಗೂ ತಿಳಿಯದೆಂದು, ಸಭೆಯ ದಿನ ನಾವು ಹೆಂಗಸರು ಕೇರಿಯ ಬಯಲಿನ ತುಂಬ ಓಣಿಗಳನ್ನೆಲ್ಲ ರಂಗೋಲಿಯಲ್ಲಿ ಬರೆದೆವು. ಉತ್ಸಾಹಕ್ಕೆ ಮಿತಿ ಬೇಡವೇ? ಹೊಳೆಗೆ ನೀಲಿ, ಹೊಳೆಯೊಳಗೆ ಮೀನು, ಮೀನಿಗೆ ಮೂಗುತಿ.

ಮೇಲಿನ ಓಣಿಯವರು ಬಂದು ಅಂಚಿಗೇ ನಿಂತುಬಿಟ್ಟರು. ನಮ್ಮ ಕೇರಿಯಲ್ಲಿ ಕಾಲಿಡಲು ಇವರಿಗೆ ಹೇಸಿಗೆ ಎಂದು ನನಗೆ ಉರಿದುಹೋಯಿತು. ತಿರುಗಿ ನೋಡಿದರೆ ನಮ್ಮವರೂ ಅಂಚಿಗೇ ನಿಂತಿದ್ದಾರೆ! ರಂಗೋಲಿ ತುಳಿಯುವವರು ಯಾರು? ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು, ನಡುವೆ ಮೂಗುತಿಯ ಮೀನು. ನನಗೆ ನಗು ತಡೆಯಲಾಗಲಿಲ್ಲ.

"ಹಿಂಗ ನಿಂತ್ರ ಸಂಜಿ ಆಗತೈತಿ" ಎಂದು ಮೇಲಿನ ಓಣಿಯ ಕಿರಾಣಿ ಅಂಗಡಿಯ ಮುದುಕರು ಧೋತರ ಎತ್ತಿಕೊಂಡು ಮೀನಿನ ಮೇಲೆಯೇ ಕಾಲಿಟ್ಟರು.

"ತುಳೀರಿ, ತುಳೀರಿ! ನಾಳಿ ಮತ್ತೊಂದ ಹಾಕ್ತೀವಿ" ಎಂದು ಅವ್ವ ಕೂಗಿದಳು. ಅಷ್ಟೇ ಸಾಕಾಯಿತು, ಎರಡೂ ಸಾಲು ಒಳಗೆ ನುಗ್ಗಿದವು. ಎಲ್ಲರ ಪಾದ ನೀಲಿ, ಎಲ್ಲರ ಬಾಯಲ್ಲೂ ಸಲಹೆ.

ಆದರೆ ಹಳ್ಳಕ್ಕೆ ಇಳಿಜಾರು ಇದ್ದದ್ದು ಒಂದೇ ಕಡೆ, ಆ ಮುದುಕರ ಹಿತ್ತಲಿನಲ್ಲಿ. ಎಲ್ಲರೂ ಅವರತ್ತ ತಿರುಗಿದರು. ಅವರು ಒಲ್ಲೆ ಎಂದರೆ ನಮ್ಮ ಕೇರಿ ಮುಗಿಯಿತು. ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಅವ್ವನ ಕೈಯಿಂದ ಪುಡಿ ಇಸಿದುಕೊಂಡು ತಮ್ಮ ಹಿತ್ತಲಿನ ನಡುವೆ ತಾವೇ ಗೆರೆ ಎಳೆದರು. ಎಂಥ ಸೊಟ್ಟ ಗೆರೆ! ನಾವು ಕುಣಿದಾಡಿದೆವು.

ಅಳತೆಗೆಂದು ಅವ್ವ ಟೇಪು ಹಿಡಿದು ಅವರ ಹಿತ್ತಲ ಬಾಗಿಲಿಗೆ ಹೊರಟಳು. ಜೋಳ ಹಸನು ಮಾಡಲು ಅವಳು ಮೂವತ್ತು ವರ್ಷ ಹೋಗಿ ಕೂತದ್ದು ಆ ಬಾಗಿಲ ಹೊರಗೇ, ಒಳಗೆ ಬಾ ಎಂದವರಿಲ್ಲ.

"ಆ ಕಡೆ ಎಲ್ಲಿ ಹೊಂಟಿ? ಮುಂದಿನ ಬಾಗಲದಿಂದ ಬಾರವಾ" ಎಂದರು ಮುದುಕರು.

ಅವ್ವ ಹೊಸ್ತಿಲ ಬಳಿ ಒಂದು ಗಳಿಗೆ ನಿಂತಳು, ನನ್ನ ಕೈ ಹಿಡಿದು ಒಳಗೆ ಹೋದಳು. ಪಡಸಾಲೆಯಲ್ಲಿ ನಿಂತು ಸುತ್ತಲೂ ನೋಡಿದಳು.

"ಇಷ್ಟ ಏನ್ರಿ ನಿಮ್ಮ ಮನಿ? ಹೊರಗ ಕುಂತು ನಾ ಭಾಳ ದೊಡ್ಡದ ಐತಿ ಅನ್ಕೊಂಡಿದ್ನಿ."