ಬೇವಿನ ಗಿಡದ ಕೆಳಗಿನ ಹತ್ತು ಗಂಟೆ

ತಹಸೀಲ್ದಾರ ಸಾಹೇಬರ ಟಾಂಗಾ ಊರಬಾಗಿಲ ಅಗಸಿ ದಾಟಿದರೆ ಊರಿಗೆ ಹತ್ತು ಗಂಟೆ. ನಾನು ಗುಮಾಸ್ತನಾಗಿ ಸೇರಿದ ತಾಲ್ಲೂಕು ಕಚೇರಿಯಲ್ಲಿ ಇದೇ ಪದ್ಧತಿ ಇತ್ತು. ಪಡಸಾಲೆಯ ತೊಲೆಗೆ ಒಂದು ಕಬ್ಬಿಣದ ತುಂಡನ್ನು ತೂಗುಹಾಕಿದ್ದರು. ಚಪರಾಸಿ ಮುದುಕ ಕೈಯಲ್ಲಿ ಸುತ್ತಿಗೆ ಹಿಡಿದು ಅಗಸಿಯ ಕಡೆ ನೋಡುತ್ತ ನಿಲ್ಲುತ್ತಿದ್ದ. ಟಾಂಗಾದ ಕುದುರೆ ಕಂಡ ಕೂಡಲೇ ಹತ್ತು ಸಲ ಬಡಿಯುತ್ತಿದ್ದ. ಅದನ್ನು ಕೇಳಿ ಸಾಲಿಯ ಗಂಟೆ, ಸಾಲಿಯ ಗಂಟೆ ಕೇಳಿ ಪೇಟೆಯ ಅಂಗಡಿಗಳು. ಬಿಸಿಲು ನೆತ್ತಿಯ ಹತ್ತಿರ ಬಂದಿದ್ದರೂ ಬಡಿದದ್ದು ಹತ್ತೇ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ಊರುಗಳ ನೀರು ಕುಡಿದವನು ನಾನು. ಇದು ಯಾವ ಊರಿನ ಮಾತೆಂದು ಬರೆಯುವುದಿಲ್ಲ. ನಿಜಾಮರ ಕಾಲದಲ್ಲಿ ಯಾವ ಊರಿನ ಕಚೇರಿಗೆ ಹೋದರೂ ಹೆಚ್ಚು ಬೇರೆಯದೇನೂ ಕಾಣುತ್ತಿರಲಿಲ್ಲ.

ನನ್ನ ವಿಷಯ ಇಷ್ಟು ಹೇಳಿದರೆ ಸಾಕು: ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲ ಕೈ ನನ್ನದು. ಅಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿದವನು. ಅವ್ವ ಬೇಗ ಹೋದಳು. ನನ್ನನ್ನು ಸಾಕಿದವಳು ಅಕ್ಕ. ಆಕೆ ಗಂಡನ ಮನೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು, ಅಲ್ಲಿಂದಲೇ ಸಾಲಿಗೆ ಕಳಿಸಿದಳು. ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಓದಿ ಬಿ.ಎ. ಮಾಡಿದೆ. ಅದಕ್ಕೆ ಹೆಮ್ಮೆ ಪಟ್ಟಿದ್ದೇನೆ, ಈಗಲೂ ಪಡುತ್ತೇನೆ. ಪುಕ್ಕಟೆ ಸಿಕ್ಕದ್ದಲ್ಲ ಅದು.

ಅಲ್ಲಿಂದ ನಾನು ತಂದದ್ದು ಒಂದು ಹಟ. ಹತ್ತು ಎಂದರೆ ಹತ್ತು. ಕಸ ಗುಡಿಸುವುದರೊಳಗೆ ನಾನು ಕಚೇರಿಯಲ್ಲಿರುತ್ತಿದ್ದೆ. ಉಳಿದ ಗುಮಾಸ್ತರು ಗಂಟೆ ಬಡಿಯುವಾಗ ಎಲೆಯಡಿಕೆ ಅಗಿಯುತ್ತ ಬರುತ್ತಿದ್ದರು. ನಮ್ಮ ಪೇಷ್ಕಾರರು, ಅಂದರೆ ಸಾಹೇಬರ ಮುಂದೆ ಕಡತ ಇಡುವ ಹಿರಿಯ ಗುಮಾಸ್ತರು, ನನ್ನನ್ನು ನೋಡಿ ನಗುತ್ತಿದ್ದರು.

“ಏನ್ರೀ ಬಿ.ಎ. ಸಾಹೇಬ್ರ, ರಾತ್ರಿ ಇಲ್ಲೇ ಮಲಗಿದ್ರೇನು?”

“ಹತ್ತಕ್ಕ ಬರಬೇಕಲ್ರೀ.”

“ಇನ್ನೂ ಎಲ್ಲಿ ಹತ್ತು? ಸಾಹೇಬ್ರು ಸ್ನಾನಾನs ಮಾಡಿಲ್ಲ. ಊರಾಗ ಈಗ ಎಂಟೂವರಿ ಆಗಿರಬೇಕು ನೋಡ್ರಿ.”

ಎಲ್ಲರೂ ನಗುತ್ತಿದ್ದರು. ಕಿಟಕಿಯ ಆಚೆ ಬೇವಿನ ಗಿಡದ ಕೆಳಗೆ ಕುಳಿತ ಹಳ್ಳಿಯ ಜನ ಮಾತ್ರ ನಗುತ್ತಿರಲಿಲ್ಲ. ಬೆಳಕು ಹರಿಯುವಾಗಲೇ ಬುತ್ತಿ ಕಟ್ಟಿಕೊಂಡು ಬಂದು ಕುಳಿತವರು ಅವರು. ಟಾಂಗಾ ಬಂದಾಗ ಎದ್ದು ನಿಂತು ಸಲಾಮು ಮಾಡಿ ಮತ್ತೆ ಕುಳಿತುಕೊಳ್ಳುತ್ತಿದ್ದರು. ಸಾಹೇಬರು ಚಹಾ ಕುಡಿದು ಮುಗಿಸಿದ ಮೇಲೆ ಚಪರಾಸಿ ಮೆಟ್ಟಿಲ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಹೆಸರು ಕೂಗುತ್ತಿದ್ದ. ಆ ಕೂಗು ಸಂತೆಯವರೆಗೂ ಕೇಳುತ್ತಿತ್ತು. ಬಹಳ ದಿನ ಕೂಗೇ ಇರುತ್ತಿರಲಿಲ್ಲ. “ಇವತ್ತ ಪೇಶಿ ಇಲ್ಲ, ಹೋಗ್ರಿ” ಎನ್ನುತ್ತಿದ್ದ. ವಿಚಾರಣೆಯ ದಿನ ಮುಂದೆ ಹೋಗುತ್ತಿತ್ತು.

ಹಾಗೆ ಬಂದು ಕುಳಿತವರಲ್ಲಿ ನನ್ನ ಅಕ್ಕನೂ ಒಬ್ಬಳು.

ಭಾವ ತೀರಿಕೊಂಡ ಮೇಲೆ ಆತನ ಹೊಲವನ್ನು ಆಕೆಯ ಮೈದುನ ಪಟೇಲನನ್ನು ಹಿಡಿದು ತನ್ನ ಹೆಸರಿಗೆ ಬರೆಸಿಕೊಂಡಿದ್ದ. ಕೆರೆಯ ಹಿಂದಿನ ಎರೆ ಹೊಲ. ನಾನು ಚಿಕ್ಕವನಿದ್ದಾಗ ಅಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿಂದಿದ್ದೇನೆ. ಅಕ್ಕನಿಗೆ ಮಕ್ಕಳಿಲ್ಲ. ಆ ಹೊಲವೊಂದೇ ಆಕೆಯ ಅನ್ನ. ಹೊಲ ತನ್ನ ಹೆಸರಿಗೆ ಬರಬೇಕೆಂದು ಅರ್ಜಿ ಕೊಟ್ಟು ಎರಡು ಮಳೆಗಾಲ ಓಡಾಡಿದ್ದಳು. ಬಂದಾಗೆಲ್ಲ ಪೇಶಿ ಮುಂದೆ ಹೋಗುತ್ತಿತ್ತು. ಅದೇ ಕಚೇರಿಯ ನೌಕರ ನಾನು, ಆದರೆ ಸಂಬಂಧಿಕರ ಕಡತ ಮುಟ್ಟುವ ಹಾಗಿರಲಿಲ್ಲ.

“ಹೋಗಲಿ ಬಿಡೋ ತಮ್ಮಾ,” ಎನ್ನುತ್ತಿದ್ದಳು ಅಕ್ಕ. “ಕುಂದರೂದು ಏನ್ ದೊಡ್ಡದು? ನೆರಳೈತಿ, ನಾಕ್ ಮಂದಿ ಅದಾರ. ಮಾತಾಡ್ಕೋತ ಕುಂತಿರ್ತೀವಿ.”

ಆ ಸಾಹೇಬರು ವರ್ಗವಾಗಿ ಹೊಸಬರು ಬಂದರು. ವಯಸ್ಸು ಚಿಕ್ಕದು, ಶೇರವಾನಿಯ ಮೇಲೆ ಒಂದು ಸುಕ್ಕಿಲ್ಲ. ಬಂದ ದಿನವೇ ಹುಕುಂ ಆಯಿತು. ಗಂಟೆಯನ್ನು ಗಡಿಯಾರ ನೋಡಿ ಬಡಿಯಬೇಕು. ತಡವಾಗಿ ಬಂದ ಗುಮಾಸ್ತ ಅಂದಿಗೆ ಗೈರುಹಾಜರು. ಕಚೇರಿಯ ವೇಳೆಯಲ್ಲಿ ಅಪ್ಪಣೆ ಇಲ್ಲದೆ ಯಾರೂ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಹೆಸರನ್ನು ಕೂಗಬಾರದು, ಬಾಗಿಲಲ್ಲಿ ನಿಂತು ಮೆಲ್ಲಗೆ ಮೂರು ಸಲ ಕರೆಯಬೇಕು. ಬಾರದವರ ಅರ್ಜಿ ಖಾರಿಜು, ಅಂದರೆ ವಜಾ.

ನನಗೆ ಹಬ್ಬವಾಯಿತು. ಪೇಷ್ಕಾರರ ಮುಖ ಬಾಡಿತು. ಒಂದು ದಿನ ಅವರೇ ಓಡುತ್ತ ಬಂದಾಗ ನಾನು ಕೇಳಿದೆ: “ಊರಾಗ ಈಗ ಎಷ್ಟ್ ಆತ್ರೀ?” ನನ್ನ ಬಿ.ಎ.ಗೆ ಸರಿಯಾದ ಅಧಿಕಾರಿ ಕೊನೆಗೂ ಬಂದರೆಂದು ಅಂದುಕೊಂಡೆ.

ಅಕ್ಕನ ಪೇಶಿಯ ದಿನ ಬಂತು. ಹಿಂದಿನ ಸಂಜೆಯೇ ಆಕೆ ನನ್ನ ಮನೆಗೆ ಬಂದಿದ್ದಳು. ನಾನು ಬಿಡಿಸಿ ಬಿಡಿಸಿ ಹೇಳಿದೆ.

“ಈಗಿನ ಸಾಹೇಬ್ರು ಬ್ಯಾರೆ ಅದಾರ ಅಕ್ಕಾ. ಗಂಟಿ ಬಡದ ಕೂಡ್ಲೇ ಬಾಗಲ್ದಾಗ ಬಂದು ನಿಂದ್ರು. ಗಿಡದ ಬುಡಕ ಕುಂದರಬ್ಯಾಡ.”

“ಆತು ತಮ್ಮಾ. ನಿಂದರ್ತೀನಿ.”

ಅಕ್ಕ ನಿಂತಳು. ಅದನ್ನು ಬರೆಯಲೇಬೇಕು, ಏಕೆಂದರೆ ಆಮೇಲೆ ಎಲ್ಲರೂ ತಪ್ಪು ಆಕೆಯದೇ ಎಂದರು. ಹತ್ತು ಬಡಿದಾಗ ಆಕೆ ಮೆಟ್ಟಿಲು ಹತ್ತಿ ಬಾಗಿಲ ಪಕ್ಕ ನಿಂತಳು. ಚಪರಾಸಿ ಮುದುಕನಿಗೆ ಹಳೆಯ ರೂಢಿ. ಬಾಗಿಲಲ್ಲಿ ಹಳ್ಳಿಯವರನ್ನು ಕಂಡರೆ ಕೈ ತಾನಾಗಿ ಏಳುತ್ತಿತ್ತು.

“ಏ ಯವ್ವಾ, ಸಾಹೇಬ್ರ ಬಾಗಲ್ದಾಗ ನಿಂದರ್ತಾರೇನು? ಅತ್ತಾಗ ಸರಿ, ಸರಿ. ಗಿಡದ ಬುಡಕ ಹೋಗು.”

“ನನ್ನ ತಮ್ಮ ಇಲ್ಲೇ ನಿಂದ್ರಂದಾನ್ರೀ.”

“ನಿನ್ನ ತಮ್ಮ ಸಾಹೇಬನೇನು? ಕರೀತೀನಿ ಹೋಗ.”

ಆಕೆ ಹೋದಳು. ಗಿಡದ ಕೆಳಗಿನವರೂ ಜಾಗ ಮಾಡಿಕೊಟ್ಟರು. “ಟಾಂಗಾನs ಬಂದಿಲ್ಲ, ಯಾಕ ಅವಸರ ಮಾಡ್ತಿಯವ್ವಾ? ಕುಂದ್ರು” ಎಂದರಂತೆ. ಎಲ್ಲರೂ ಅಗಸಿಯ ಕಡೆ ನೋಡುತ್ತ ಕುಳಿತರು. ಹೊಸ ಸಾಹೇಬರು ಕಚೇರಿಯ ಹಿಂದಿನ ಮನೆಯಲ್ಲೇ ಇಳಿದುಕೊಂಡಿದ್ದರು. ಹಿತ್ತಿಲ ಬಾಗಿಲಿನಿಂದ ನಡೆದು ಬರುತ್ತಿದ್ದರು. ಅವರಿಗೆ ಟಾಂಗಾವೇ ಇರಲಿಲ್ಲ. ಸಾಹೇಬರು ಆಗಲೇ ಒಳಗೆ ಕುಳಿತಿದ್ದರು, ಆ ಜನ ಹೊರಗೆ ಅವರ ದಾರಿ ಕಾಯುತ್ತಿದ್ದರು.

ನಾನು ಬದಿಯ ಕೋಣೆಯಲ್ಲಿದ್ದೆ. ಅಕ್ಕನ ಹೆಸರು ಕಿವಿಗೆ ಬಿತ್ತು. ಹುಕುಂ ಇದ್ದ ಹಾಗೆ ಮೆಲ್ಲಗೆ, ಪಕ್ಕದವರನ್ನು ಕರೆದ ಹಾಗೆ. ಎರಡನೆಯ ಸಲ ಬಿದ್ದಾಗ ಎದ್ದೆ.

“ಕುಂದರ್ರಿ. ಅಪ್ಪಣೆ ಇಲ್ಲ,” ಎಂದರು ಮುಂದಿನ ಕಡತ ಒಯ್ಯಲು ಬಂದಿದ್ದ ಪೇಷ್ಕಾರರು.

ಕುಂದರಲಿಲ್ಲ. ಅಂಗಳಕ್ಕೆ ಓಡಿ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದೆ. ಬುತ್ತಿಯ ಗಂಟು ಅಲ್ಲೇ ಬಿತ್ತು. ಒಳಗೆ ಹೋಗುವಷ್ಟರಲ್ಲಿ ಸಾಹೇಬರು ಖಾರಿಜು ಎಂದು ಬರೆದು ಕಡತವನ್ನು ಪಕ್ಕಕ್ಕೆ ಸರಿಸಿದ್ದರು. ಮೈದುನ ಒಳಗೇ ನಿಂತಿದ್ದ. ಅವನ ವಕೀಲ ಅವನನ್ನು ಮೊದಲೇ ಒಳಗೆ ಕರೆತಂದಿದ್ದ. ವಕೀಲರನ್ನು ಬಾಗಿಲಿನಿಂದ ಯಾರು ಅಟ್ಟುತ್ತಾರೆ?

ಸಾಹೇಬರಿಗೆ ಕನ್ನಡ ಬಾರದು. ಅಕ್ಕನಿಗೆ ಉರ್ದು ಬಾರದು. “ನೀವೇ ತರ್ಜುಮೆ ಮಾಡಿ” ಎಂದರು ನನಗೆ.

“ಯಪ್ಪಾ, ನಾ ಬೆಳಕು ಹರಿಯೂದ್ರಾಗ ಬಂದು ಇಲ್ಲೇ ಅದೀನ್ರೀ. ಬಾಗಲಿಗೆ ಬಂದಿದ್ನ್ರೀ. ಹೋಗಂದ್ರು, ಹೋದ್ನಿ,” ಎಂದಳು ಅಕ್ಕ.

ನಾನು ಉರ್ದುವಿನಲ್ಲಿ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಚಪರಾಸಿ ನೆಲ ನೋಡುತ್ತ ನಿಂತಿದ್ದ.

“ಕರೆದಾಗ ಎಲ್ಲಿದ್ದಳು, ಅದನ್ನು ಕೇಳಿ.”

“ಗಿಡದ ಬುಡಕ ಇದ್ನ್ರೀ.”

“ಹಾಗಾದರೆ ಹಾಜರಿರಲಿಲ್ಲ. ಅದನ್ನು ಆಕೆಗೆ ತಿಳಿಸಿ. ಒಬ್ಬರಿಗಾಗಿ ವೇಳೆ ಬಿಟ್ಟುಕೊಟ್ಟರೆ ಕಚೇರಿ ನಡೆಯುವುದಿಲ್ಲ. ಓದಿದವರು ನೀವು, ನಿಮಗೆ ಇದು ಅರ್ಥವಾಗಬೇಕು.”

ಅರ್ಥವಾಗಿತ್ತು. ಇದೇ ಮಾತನ್ನು ನಾನು ಎಷ್ಟೋ ಸಲ ಆಡಿದ್ದೆ. ಈಗ ಅದನ್ನು ಕನ್ನಡಕ್ಕೆ ತಂದು ಅಕ್ಕನಿಗೆ ಹೇಳಬೇಕಾಗಿತ್ತು.

“ಅಕ್ಕಾ, ನೀ ಬಂದಿಲ್ಲಂತ ಬರದಾರ.”

ಆಕೆ ನನ್ನ ಮುಖ ನೋಡಿದಳು. “ಮತ್ತ ಇಲ್ಲಿ ನಿಂತಾಕಿ ಯಾರೋ ತಮ್ಮಾ?”

ಅದನ್ನು ನಾನು ತರ್ಜುಮೆ ಮಾಡಲಿಲ್ಲ. ಅಪ್ಪಣೆ ಇಲ್ಲದೆ ಎದ್ದದ್ದಕ್ಕೆ ಹಾಜರಿ ಪಟ್ಟಿಯಲ್ಲಿ ನನ್ನನ್ನೂ ಅಂದು ಗೈರುಹಾಜರು ಎಂದು ಬರೆದರು. ಒಂದೇ ಕೋಣೆಯಲ್ಲಿ ನಿಂತಿದ್ದ ನಾವಿಬ್ಬರೂ ಅಂದು ಬಂದಿರಲಿಲ್ಲ.

ಖಾರಿಜಾದದ್ದನ್ನು ಮತ್ತೆ ತೆಗೆದುಕೊಳ್ಳಬೇಕೆಂದು ಅರ್ಜಿ ಬರೆದೆ. ನನಗೆ ಗೊತ್ತಿದ್ದ ಉರ್ದುವನ್ನೆಲ್ಲ ಅದರಲ್ಲಿ ಹಾಕಿದೆ. ಅದು ಜಿಲ್ಲಾ ಕಚೇರಿಯಿದ್ದ ರಾಯಚೂರಿಗೆ ಹೋಯಿತು. ಅದಕ್ಕೆ ವೇಳೆ ಎಂಬುದಿರಲಿಲ್ಲ, ಗಂಟೆಯೂ ಇರಲಿಲ್ಲ. ಕೇಳಿದಾಗೆಲ್ಲ ಪರಿಶೀಲನೆಯಲ್ಲಿದೆ ಎನ್ನುತ್ತಿದ್ದರು. ನಮ್ಮ ಕಚೇರಿಯಲ್ಲಿ ದಿನವೂ ಗಡಿಯಾರ ನೋಡಿ ಹತ್ತು ಬಡಿಯುತ್ತಿತ್ತು. ಆ ಹಿಂಗಾರಿಯಲ್ಲಿ ಮೈದುನ ಎರೆ ಹೊಲಕ್ಕೆ ಜೋಳ ಹಾಕಿದ. ಅಕ್ಕ ಕೂಲಿಯ ಹೆಂಗಸರ ಜೊತೆ ಗಂಗಾವತಿಯ ಕಡೆಗೆ ನೆಲ್ಲು ಕೊಯ್ಯಲು ಹೋದಳು. ನನ್ನ ಮನೆಯಲ್ಲಿರು ಎಂದರೆ ಕೇಳಲಿಲ್ಲ. ಬಂದಾಗೊಮ್ಮೆ “ಏನರ ಬಂತೇನೋ?” ಎನ್ನುತ್ತಿದ್ದಳು. ಬರಬರುತ್ತ ಅದನ್ನೂ ಬಿಟ್ಟಳು.

ಶಿಸ್ತಿನ ಸಾಹೇಬರು ವರ್ಗವಾದರು. ಅವರ ಜಾಗಕ್ಕೆ ಬಂದವರು ಊರ ಹೊರಗೆ ಬಂಗಲೆ ಹಿಡಿದು ಟಾಂಗಾ ಇಟ್ಟರು. ಚಪರಾಸಿ ಮತ್ತೆ ಅಗಸಿಯ ಕಡೆ ನೋಡುತ್ತ ನಿಲ್ಲತೊಡಗಿದ. ಪೇಷ್ಕಾರರು ಮತ್ತೆ ಎಲೆಯಡಿಕೆ ಹಾಕಿಕೊಂಡರು. ನಾನೂ ಎಂದಿನಂತೆ ಎಲ್ಲರಿಗಿಂತ ಮೊದಲು ಬರುತ್ತಿದ್ದೆ.

ಹಾಗೆ ಬಂದ ಒಂದು ಮುಂಜಾನೆ ಕಚೇರಿಯ ಮುಚ್ಚಿದ ಬಾಗಿಲಿಗೆ ಬೆನ್ನು ಹಚ್ಚಿ ಅಕ್ಕ ನಿಂತಿದ್ದಳು. ಕಾಲಲ್ಲಿ ಗದ್ದೆಯ ಕೆಸರು ಒಣಗಿತ್ತು. ಚಪರಾಸಿ ಆಕೆಯ ಮುಂದೆ ಕೈ ಮುಗಿಯುವುದೊಂದು ಬಾಕಿ.

“ಭಾಳ ಹೇಳಿದ್ನ್ರೀ ಬಿ.ಎ. ಸಾಹೇಬ್ರ. ಕೇಳವಲ್ಲಳು. ನೀವರ ಹೇಳ್ರಿ.”

“ಅಕ್ಕಾ, ಬಾ ಮನಿಗಿ ಹೋಗೂನು.”

“ಇಲ್ಲೋ ತಮ್ಮಾ. ನಾ ಇಲ್ಲಿಂದ ಸರಿಯಂಗಿಲ್ಲ. ಈ ಸಲ ಇಲ್ಲೇ ನಿಂದರ್ತೀನಿ. ಮೆಲ್ಲಕ ಕರದ್ರೂ ಕೇಳಸ್ತೈತಿ.”

ಕರೆಯುವುದಕ್ಕೆ ಆಕೆಯ ಹೆಸರು ಅಂದಿನ ಪೇಶಿಯಲ್ಲಿರಲಿಲ್ಲ. ಯಾವ ದಿನದ ಪೇಶಿಯಲ್ಲೂ ಇರಲಿಲ್ಲ. ಅದನ್ನು ಹೇಳುವ ಬದಲು ನಾನೂ ಆಕೆಯ ಪಕ್ಕ ಬಾಗಿಲಲ್ಲೇ ನಿಂತೆ. ಬಿಸಿಲು ಮೆಟ್ಟಿಲು ಹತ್ತಿ ನಮ್ಮ ಕಾಲಿಗೆ ಬಂತು. ಬಹಳ ಹೊತ್ತಿನ ಮೇಲೆ ಅಗಸಿಯಲ್ಲಿ ಕುದುರೆ ಕಂಡಿತು. ಮುದುಕ ಹತ್ತು ಬಡಿದ. ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.