ಕೋಣಂದೂರು ಸಂತೆಯ ಕೂಗು

“ಬಾಯಿಗಿಟ್ರೆ ಬೆಲ್ಲ, ಬಿಟ್ಟೋದ್ರೆ ಇಲ್ಲ!” ಅರವತ್ತರ ದಶಕದಲ್ಲಿ, ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಜಾಹೀರಾತಿಗೊಂದು ಉದಾಹರಣೆ ಕೇಳಿದಾಗ, ಕೋಣಂದೂರು ಸಂತೆಯಲ್ಲಿ ಅಪ್ಪನ ಜೊತೆ ಬಾಳೆಹಣ್ಣು ಮಾರುವಾಗ ಕೂಗುತ್ತಿದ್ದುದನ್ನೇ ಎದ್ದು ನಿಂತು ಕೈಬೀಸಿ ಕೂಗಿಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು.

“ಇದು ಬರೀ ಗಲಾಟೆ ಕಣೇ,” ಎಂದರು ಮೇಷ್ಟ್ರು.

ನನಗೆ ರೇಗಿತು. ಪ್ರಾಸವಿದ್ದರೆ ಪದ್ಯ, ಜನರೆದುರು ಕೈಬೀಸಿ ಆಡಿದರೆ ನಾಟಕ ಎಂದು ಕಲಿಸಿದವರು ಅವರೇ. “ನನ್ ಕೂಗಲ್ಲಿ ಎರಡೂ ಇದ್ಯಲ್ಲ ಸಾರ್. ಮತ್ತೆಂತ ಕಮ್ಮಿ?”

“ಇಂಗ್ಲಿಷ್!”

“ಇಂಗ್ಲಿಷಲ್ಲಿ ಕೂಗಿದ್ರೆ ಹಣ್ಣು ಅಲ್ಲೇ ಕೊಳೀತದೆ ಸಾರ್.”

ಪೀರಿಯಡ್ ಮುಗಿಯುವವರೆಗೂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ತಲೆ ತಗ್ಗಿಸದೆ ನಿಂತೆ.

ಗಂಟೆ ಹೊಡೆದ ಮೇಲೆ ಬೆಂಚಿನಿಂದ ಇಳಿದೆ. ದನಿಯನ್ನು ಮಾತ್ರ ಇವತ್ತಿಗೂ ಇಳಿಸಿಲ್ಲ.